ದೇವರಂಥವರು ಬೇಡ, ವಾರದ ರಜೆ ಇರುವವರು ಸಾಕು

ಮೈಸೂರು

ಚಿ. ಪುಟ್ಟಿಗೆ ಅಮ್ಮನ ಆಶೀರ್ವಾದಗಳು.

ನಾವೆಲ್ಲ ಕ್ಷೇಮ. ಗುಂಡುಮಾವನ ಕೆಮ್ಮು ಕಡಿಮೆಯಾಗಿದೆ. ಅಪ್ಪ ಹೊಸ ಕನ್ನಡಕ ಮಾಡಿಸಿಕೊಂಡಿದ್ದಾರೆ. ಈಗ ಪೇಪರಿನ ಟೆಂಡರ್ ನೋಟಿಸನ್ನೂ ಬಿಡದೆ ಓದುತ್ತಾರೆ.

ಕೆನಡಾದಲ್ಲಿ ನೀನು ಅಸಿಸ್ಟೆಂಟ್ ಆಗಿರುವ ಲಾರ್ಶ್ ಮನೆಯ ಬಗ್ಗೆ ಶನಿವಾರ ನೀನು ಕೇಳಿದ ಪ್ರಶ್ನೆಗೆ ಫೋನಿನಲ್ಲಿ ಹೇಳಿ ಮುಗಿಸುವಂಥ ಉತ್ತರವಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. "ಅಮ್ಮಾ, ಈ ಮನೆಗಳನ್ನು ಶುರು ಮಾಡಿದ ಮನುಷ್ಯನೇ ಅಂಥವನು ಅಂತ ಗೊತ್ತಾದ ಮೇಲೂ ನಾನಿಲ್ಲಿ ಇರೋದು ಸರೀನಾ?" ಅಂತ ಕೇಳಿದೆ. ಟ್ರೇನಿಂಗಿನಲ್ಲಿ ಅವರೇ ನಿಮ್ಮನ್ನೆಲ್ಲ ಕೂರಿಸಿ ಈ ವಿಷಯ ಹೇಳಿದರು ಅಂದೆಯಲ್ಲ, ಅದು ನನಗೆ ಹಿಡಿಸಿತು. ಬಚ್ಚಿಡುವ ಮನೆಯಲ್ಲಿ ನೀನಿದ್ದಿದ್ದರೆ ನಾನು ಇವತ್ತೇ ಟಿಕೆಟ್ ತೆಗೆಸುತ್ತಿದ್ದೆ.

ನಾನೂ ಕೂತು ಓದಿದೆ. 1964ರಲ್ಲಿ ಫ್ರಾನ್ಸಿನ ಟ್ರೋಸ್ಲಿ ಎಂಬ ಹಳ್ಳಿಯಲ್ಲಿ ಜಾನ್ ವಾನಿಯೇ ಒಂದು ಹಳೇ ಮನೆ ಹಿಡಿದ. (ಬಹುವಚನ ನನ್ನ ಕೈಲಿ ಬರುತ್ತಿಲ್ಲ, ಬಿಡು.) ಬುದ್ಧಿ ಬೆಳವಣಿಗೆ ಕಡಿಮೆ ಇರುವವರನ್ನು ಗುಂಪಾಗಿ ಕೂಡಿಹಾಕಿದ್ದ ಸಂಸ್ಥೆಯೊಂದರಿಂದ ರಫಾಯೆಲ್, ಫಿಲಿಪ್ ಎಂಬ ಇಬ್ಬರನ್ನು ಕರೆತಂದು ಅವರ ಜೊತೆ ಒಂದೇ ಸೂರಿನಡಿ ಬಾಳತೊಡಗಿದ. ಒಟ್ಟಿಗೆ ಅಡುಗೆ, ಒಟ್ಟಿಗೆ ಊಟ, ಒಟ್ಟಿಗೆ ಜಗಳ. ಲಾರ್ಶ್ ಮನೆಗಳ ಹುಟ್ಟು ಇಷ್ಟೇ. 1969ರಲ್ಲಿ ಟೊರಾಂಟೊ ಹತ್ತಿರದ ರಿಚ್ಮಂಡ್ ಹಿಲ್‌ನಲ್ಲಿ ಕೆನಡಾದ ಮೊದಲ ಮನೆ. ಮರುವರ್ಷವೇ ನಮ್ಮ ಬೆಂಗಳೂರಿನಲ್ಲಿ ಆಶಾ ನಿಕೇತನ. ಅಂದರೆ ನಿಮ್ಹಾನ್ಸ್‌ಗೆ ಆ ಹೆಸರು ಬರುವುದಕ್ಕಿಂತ ನಾಲ್ಕು ವರ್ಷ ಮೊದಲೇ ಈ ಯೋಚನೆ ನಮ್ಮ ರಾಜ್ಯಕ್ಕೆ ಬಂದಿತ್ತು. ಆಮೇಲೆ ಕೋಲ್ಕತ್ತ, ಚೆನ್ನೈ, ಕೇರಳದ ಕೋಯಿಕ್ಕೋಡ್ ಕಡೆಗೂ ಹೋಯಿತು. ನೀನು ಅಷ್ಟು ದೂರ ಹೋಗಿ ಕಂಡ ಹೊಸ ಲೋಕದ ಒಂದು ತುಂಡು ಇಲ್ಲೇ ಬಸ್ಸಿನ ದೂರದಲ್ಲಿತ್ತು, ಅಲ್ವಾ.

2019ರ ಮೇ ತಿಂಗಳಲ್ಲಿ ಆತ ತೊಂಬತ್ತು ವರ್ಷದವನಾಗಿ ತೀರಿಕೊಂಡಾಗ ಜಗತ್ತೆಲ್ಲ ಸಂತ ಅಂತ ಹೊಗಳಿತು. ಮರುವರ್ಷ ಫೆಬ್ರವರಿಯಲ್ಲಿ ಲಾರ್ಶ್‌ನವರೇ ಮಾಡಿಸಿದ ತನಿಖೆಯ ವರದಿ ಬಂತು. ಧರ್ಮದ ಮಾರ್ಗದರ್ಶನದ ನೆಪದಲ್ಲಿ ಆರು ಹೆಂಗಸರನ್ನು ಲೈಂಗಿಕವಾಗಿ ಬಳಸಿಕೊಂಡಿದ್ದ ಅಂತ ಅದು ಹೇಳಿತು. 2023ರಲ್ಲಿ ಇನ್ನೂ ದೊಡ್ಡ ಅಧ್ಯಯನ ಬಂತು. 1952ರಿಂದ 2019ರವರೆಗೆ ಕನಿಷ್ಠ 25 ಹೆಂಗಸರು. ಆತನ ಗುರು ತೋಮಾ ಫಿಲಿಪ್ ಎಂಬ ಪಾದ್ರಿಗೆ ಇಂಥದ್ದೇ ಕಾರಣಕ್ಕೆ 1956ರಲ್ಲೇ ಚರ್ಚು ಶಿಕ್ಷೆ ಕೊಟ್ಟಿತ್ತು. ಇವನಿಗೆ ಅದೆಲ್ಲ ಗೊತ್ತಿತ್ತು.

ಆ ವರದಿಗಳಲ್ಲಿ ನಾನು ಎರಡು ಸಲ ಓದಿದ ಭಾಗ ಬೇರೆ ಇದೆ. ಆ ಹೆಂಗಸರಲ್ಲಿ ಬುದ್ಧಿ ಬೆಳವಣಿಗೆ ಕಡಿಮೆ ಇದ್ದವರು ಯಾರೂ ಇರಲಿಲ್ಲವಂತೆ. ಸನ್ಯಾಸಿನಿಯರಿದ್ದರು. ಸೇವೆ ಮಾಡಲು ಬಂದ ಅಸಿಸ್ಟೆಂಟರಿದ್ದರು. ಅಂದರೆ ನಿನ್ನಂಥವರು, ಒಳ್ಳೇ ಮನಸ್ಸಿಟ್ಟುಕೊಂಡು ಮನೆ ಬಿಟ್ಟು ಬಂದ ಹುಡುಗಿಯರು. ನೋಡಿಕೊಳ್ಳಲು ಬಂದವರನ್ನು ನೋಡಿಕೊಳ್ಳುವವರು ಯಾರೂ ಇರಲಿಲ್ಲ. ಹೇಳಲು ಹೋದರೂ, ಸಂತನ ಮೇಲೆ ದೂರು ಅಂದರೆ ಯಾರು ನಂಬುತ್ತಾರೆ?

ನಿನ್ನ ಪ್ರಶ್ನೆಗೆ ನನ್ನ ಉತ್ತರ ಇದು: ಇರು. ಆದರೆ ಕಟ್ಟಿದವನ ಹೆಸರು ನೋಡಿಕೊಂಡೂ ಇರಬೇಡ, ಆ ಹೆಸರು ಕೆಟ್ಟಿತು ಅಂತಲೂ ಹೊರಡಬೇಡ. ಆ ಮನೆ ದಿನಾ ಹೇಗೆ ನಡೆಯುತ್ತದೆ ಅನ್ನುವುದನ್ನು ನೋಡಿಕೊಂಡು ಇರು. ಯಾರೂ ದೇವರಂಥವರಾಗಬೇಕಾಗಿಲ್ಲದ ಹಾಗೆ ನಡೆಯುತ್ತಿದ್ದರೆ ಅದು ಒಳ್ಳೇ ಮನೆ.

ಇದನ್ನು ನಾನು ಲಾರ್ಶ್ ಬಗ್ಗೆ ಓದಿ ಕಲಿತದ್ದಲ್ಲ. ನಿಮ್ಮಜ್ಜಿಯನ್ನು ನೋಡಿ ಕಲಿತದ್ದು. ನನ್ನ ತಮ್ಮ, ನಿನ್ನ ಗುಂಡುಮಾವ, ಹುಟ್ಟಿನಿಂದಲೇ ಬುದ್ಧಿ ಬೆಳವಣಿಗೆ ನಿಧಾನವಾಗಿಸುವ ಡೌನ್ ಸಿಂಡ್ರೋಮ್ ಇರುವವನು; ಅವನು ಹುಟ್ಟಿದ ದಿನದಿಂದ ತಾವು ತೀರಿಕೊಳ್ಳುವ ತನಕ ಅಜ್ಜಿ ಅವನನ್ನು ಒಬ್ಬರೇ ನೋಡಿಕೊಂಡರು. ಬಂದವರೆಲ್ಲ "ನೀವು ದೇವರಂಥವರು, ನಮ್ಮ ಕೈಲಿ ಆಗ್ತಿರಲಿಲ್ಲ ತಾಯಿ" ಅಂದು ಕಾಫಿ ಕುಡಿದು ಎದ್ದು ಹೋಗುತ್ತಿದ್ದರು. ಒಬ್ಬರೂ "ಇವತ್ತು ಸಾಯಂಕಾಲ ನಾವು ಇವನ ಜೊತೆ ಇರ್ತೀವಿ, ನೀವು ಹೋಗಿ ಬನ್ನಿ" ಅನ್ನಲಿಲ್ಲ. ನನ್ನ ಮದುವೆಯಲ್ಲಿ ಧಾರೆಯ ಹೊತ್ತಿಗೆ ಅಜ್ಜಿ ಎಲ್ಲಿದ್ದರು ಗೊತ್ತಾ? ಛತ್ರದ ಹಿಂದಿನ ರೂಮಿನಲ್ಲಿ, ಮಾವನ ಜೊತೆ. ವಾಲಗದ ಸದ್ದಿಗೆ ಅವನು ಕಿರುಚಿದರೆ ಬೀಗರೆದುರು ಚೆನ್ನಾಗಿರುವುದಿಲ್ಲ ಅಂತ ನೆಂಟರೇ ತೀರ್ಮಾನ ಮಾಡಿದ್ದರು. ಧಾರೆ ಎರೆದದ್ದು ದೊಡ್ಡಪ್ಪ, ದೊಡ್ಡಮ್ಮ. ಆಲ್ಬಮ್ಮಿನಲ್ಲಿ ಅಜ್ಜಿ ಯಾಕಿಲ್ಲ ಅಂತ ನೀನು ಚಿಕ್ಕವಳಿದ್ದಾಗ ಕೇಳಿದ್ದೆ.

ಕೊನೆಕೊನೆಗೆ ಅಜ್ಜಿ ದೇವಸ್ಥಾನಕ್ಕೆ ಹೋಗಬೇಕಾದರೆ ಮಾವನನ್ನು ಒಳಗೆ ಬಿಟ್ಟು ಹೊರಗಿನಿಂದ ಚಿಲಕ ಹಾಕಿಕೊಂಡು ಹೋಗುತ್ತಿದ್ದರು. ನಾನು ಅದನ್ನು ತಪ್ಪು ಅನ್ನಲಾರೆ. ಸರದಿ ಬದಲಿಸಲು ಯಾರೂ ಇಲ್ಲದಿದ್ದರೆ ಎಷ್ಟೇ ಪ್ರೀತಿ ಇರಲಿ, ಕೊನೆಗೆ ಕೈ ಚಿಲಕಕ್ಕೇ ಹೋಗುತ್ತದೆ.

ನೀನಿರುವ ಒಂಟಾರಿಯೋದಲ್ಲಿ ಅದೇ ಚಿಲಕ ಸರ್ಕಾರದ ಕೈಯಲ್ಲಿತ್ತು. ಒರಿಲಿಯಾ ಅಂತ ಊರಿದೆ, ಟೊರಾಂಟೊದಿಂದ ಉತ್ತರಕ್ಕೆ. ಅಲ್ಲಿ 1876ರಲ್ಲಿ ಶುರುವಾದ ಒಂದು ದೊಡ್ಡ ಸಂಸ್ಥೆ ಇತ್ತು. ಕೊನೆಗೆ ಅದರ ಹೆಸರು ಹ್ಯುರೋನಿಯಾ ರೀಜನಲ್ ಸೆಂಟರ್. ಡಾಕ್ಟರ ಮಾತು ಕೇಳಿ ಅಪ್ಪ ಅಮ್ಮಂದಿರು ಮಕ್ಕಳನ್ನು ಅಲ್ಲಿ ಬಿಟ್ಟು ಬರುತ್ತಿದ್ದರು. ಬಾಗಿಲಿಲ್ಲದ ಬಚ್ಚಲು, ಸಾಲು ಮಂಚಗಳು, ಹೊಡೆತ, ಅದಕ್ಕಿಂತ ಕೆಟ್ಟದ್ದು. ಅಲ್ಲಿಯ ಸ್ಮಶಾನದಲ್ಲಿ ಹೆಸರಿಲ್ಲದೆ ಬರೀ ನಂಬರ್ ಹಾಕಿದ ಸಮಾಧಿಗಳಿವೆ. 2009ರಲ್ಲಿ ಅದನ್ನು ಮುಚ್ಚಿದರು. ಅಷ್ಟಕ್ಕೇ ಮುಗಿಯಲಿಲ್ಲ. ಅಲ್ಲಿದ್ದು ಬಂದ ಮರೀ ಸ್ಲಾರ್ಕ್, ಪೆಟ್ರಿಷಿಯಾ ಸೆತ್ ಎಂಬ ಇಬ್ಬರು ಹೆಂಗಸರು ಎಲ್ಲರ ಪರವಾಗಿ ಸರ್ಕಾರದ ಮೇಲೆ ಕೇಸು ಹಾಕಿದರು. 2013ರಲ್ಲಿ ಮೂರೂವರೆ ಕೋಟಿ ಡಾಲರಿಗೆ ರಾಜಿಯಾಯಿತು. ಅದೇ ಡಿಸೆಂಬರಿನಲ್ಲಿ ಪ್ರಾಂತ್ಯದ ಮುಖ್ಯಸ್ಥೆ ಕ್ಯಾಥ್ಲೀನ್ ವಿನ್ ಸದನದಲ್ಲಿ ನಿಂತು ಕ್ಷಮೆ ಕೇಳಿದರು. "ಇವರಿಗೆ ಏನೂ ಅರ್ಥವಾಗುವುದಿಲ್ಲ" ಅಂತ ಯಾರನ್ನು ಒಳಗೆ ಹಾಕಿದ್ದರೋ ಅವರೇ ಸರ್ಕಾರವನ್ನು ಕಟಕಟೆಗೆ ತಂದರು. ರಜೆ ಸಿಕ್ಕಾಗ ಆ ಊರಿಗೆ ಒಂದು ಸಲ ಹೋಗಿ ಬಾ. ನಿಮ್ಮ ಮನೆಯ ಹಿರಿಯರಲ್ಲಿ ಯಾರಾದರೂ ಅಂಥ ಕಡೆಯಿಂದ ಬಂದಿರಬಹುದು. ರಾತ್ರಿ ಕೋಣೆಯ ದೀಪ ಆರಿಸಲು ಬಿಡುವುದಿಲ್ಲ ಅಂತ ನೀನು ಬೇಜಾರು ಮಾಡಿಕೊಳ್ಳುವ ಆ ಅಜ್ಜಿಯ ಹಳೇ ಕಥೆಯನ್ನು, ಅವರಿಗೆ ಹೇಳಬೇಕು ಅನ್ನಿಸಿದರೆ, ಕೇಳಿಸಿಕೋ.

ನಮ್ಮಲ್ಲಿ ಒರಿಲಿಯಾದಷ್ಟು ದೊಡ್ಡದನ್ನು ನಾನು ಕಂಡಿಲ್ಲ. ಆದರೆ ಚಿಕ್ಕದೇನೂ ಒಳ್ಳೆಯದಾಗಬೇಕು ಅಂತಿಲ್ಲ. ಮಾವನಿಗೆ ಮುಂದೆ ಜಾಗ ಬೇಕಲ್ಲ ಅಂತ ನಾನೂ ಅಪ್ಪನೂ ಊರಾಚೆಯ ಒಂದು ವಸತಿ ಕೇಂದ್ರ ನೋಡಲು ಹೋಗಿದ್ದೆವು. ಹೆಸರು ಬೇಡ. ಬಾಗಿಲಲ್ಲೇ ರೇಟ್ ಬೋರ್ಡ್: ಬೆಳಗಿನ ತಿಂಡಿಗೆ ಇಷ್ಟು, ಮಧ್ಯಾಹ್ನದ ಊಟಕ್ಕೆ ಇಷ್ಟು, ಸಿಹಿ ಸಮೇತವಾದರೆ ಇಷ್ಟು. ಅವತ್ತು ಯಾರದೋ ಮಗುವಿನ ಹುಟ್ಟುಹಬ್ಬ. ಕಾರಿನಲ್ಲಿ ಬಂದವರು ಕೇಕ್ ಕತ್ತರಿಸಿದರು. ಒಳಗಿದ್ದವರು, ಎಲ್ಲರ ತಲೆಯನ್ನೂ ಸಣ್ಣಗೆ ಕತ್ತರಿಸಿತ್ತು, ಗುರುತೇ ಇಲ್ಲದ ಆ ಮಗುವಿಗಾಗಿ ಚಪ್ಪಾಳೆ ತಟ್ಟಿ ಹಾಡಿದ ಮೇಲೆ ಎಲೆಗೆ ಅನ್ನ ಬಿತ್ತು. ಫೋಟೋ ತೆಗೆದರು. ನಲವತ್ತು ದಾಟಿದವರೊಬ್ಬರನ್ನು "ಪಾಪು, ಇಲ್ಲಿ ನೋಡು" ಅಂತ ಕರೆದರು. ರಾತ್ರಿ ಎಷ್ಟು ಜನ ಡ್ಯೂಟಿಯಲ್ಲಿರುತ್ತಾರೆ ಅಂತ ಕೇಳಿದೆ. ಇಡೀ ಹಾಲಿಗೆ ಒಬ್ಬ ಆಯಾ. ಆಕೆಗೆ ರಜೆ ಯಾವತ್ತು? "ರಜೆ ಎಲ್ಲಿ ಮೇಡಂ, ಇದು ಸೇವೆ" ಅಂದರು.

ಅಪ್ಪ ಕಾರಿನಲ್ಲಿ ಮನೆ ತಲುಪುವವರೆಗೆ ಮಾತಾಡಲಿಲ್ಲ. ನನಗಂತೂ ಊಟ ಕೊಟ್ಟವರ ಮೇಲೆ ಸಿಟ್ಟಿಲ್ಲ. ಅವರು ಅನ್ನದಾನ ಅಂದುಕೊಂಡೇ ಬಂದವರು. ಆದರೆ ಒಬ್ಬ ಮನುಷ್ಯನ ದಿನನಿತ್ಯದ ಊಟ ಇನ್ನೊಬ್ಬರ ಪುಣ್ಯದ ಲೆಕ್ಕಕ್ಕೆ ಹೋಗಬಾರದು.

ಅದಕ್ಕೇ ನೀನು ನಿಮ್ಮ ಮನೆಯ ವಿಷಯ ಹೇಳುವಾಗ ನಾನು ಸಣ್ಣಸಣ್ಣದನ್ನೇ ಕೆದಕಿ ಕೇಳುವುದು. ಒಬ್ಬೊಬ್ಬರಿಗೂ ಸ್ವಂತ ಕೋಣೆ ಇದೆಯಾ, ಟವೆಲ್ ಬೇರೆಬೇರೆನಾ, ಟೀವಿ ರಿಮೋಟ್ ಯಾರ ಕೈಲಿರುತ್ತೆ. ವಾರದ ಅಡುಗೆ ಏನು ಅಂತ ಎಲ್ಲರೂ ಕೂತು ಮಾತಾಡುವಾಗ ಒಬ್ಬರು ಪ್ರತಿ ಸಲವೂ ಮ್ಯಾಕರೋನಿ ಅಂತ ಹಟ ಹಿಡಿಯುತ್ತಾರೆ, ಉಳಿದವರಿಗೆ ಸಾಕಾಗಿದೆ ಅಂದೆಯಲ್ಲ. ಅದನ್ನು ಕೇಳಿ ನನಗೆ ಬಹಳ ಸಮಾಧಾನವಾಯಿತು. ಹಟ ಹಿಡಿಯಲು ಜಾಗ ಇರುವುದೇ ಮನೆ. ನಿನಗೆ ಪಾತ್ರೆ ತೊಳೆಯುವ ಮೆಷಿನ್ ಹಾಕಲು ಕಲಿಸಿದ್ದೂ ಅಲ್ಲಿಯ ಕೋರ್ ಮೆಂಬರ್ (ಬುದ್ಧಿ ಬೆಳವಣಿಗೆ ಕಡಿಮೆ ಇರುವ ನಿವಾಸಿಗಳನ್ನು ನೀವು ಕರೆಯುವುದು ಹಾಗೆ) ಒಬ್ಬರೇ ಅಂದಾಗ ಮಾವನಿಗೆ ಹೇಳಿದೆ. "ಪುಟ್ಟಿಗೆ ಅಷ್ಟೂ ಬರಲ್ವಾ?" ಅಂದ.

ಈಗ ನಿನ್ನ ವಿಷಯಕ್ಕೆ ಬರುತ್ತೇನೆ. ಹೋದ ತಿಂಗಳು ನಿನ್ನ ದನಿಯಲ್ಲೇ ಗೊತ್ತಾಯಿತು. ಜ್ವರದಲ್ಲೂ ಡ್ಯೂಟಿ ಮಾಡಿದೆಯಂತೆ, ಬೇರೆಯವರಿಗೆ ಕಷ್ಟ ಅಂತ. ಒಬ್ಬರ ಮೇಲೆ ರೇಗಿ ಆಮೇಲೆ ಬಾತ್‌ರೂಮಿನಲ್ಲಿ ಅತ್ತೆಯಂತೆ. ರೇಗಿದ್ದು ದೊಡ್ಡ ವಿಷಯವಲ್ಲ, ಆದರೆ ಅದನ್ನು ಮನೆಯ ಮುಖ್ಯಸ್ಥರಿಗೆ ಹೇಳು, ಡೈರಿಯಲ್ಲಿ ಬರೆಸು. ಅಂದರೆ ಸರದಿ ಬದಲಾಗುತ್ತದೆ. ಮುಚ್ಚಿಟ್ಟರೆ ನಾಳೆ ಇನ್ನೊಂದು ಸಲ ರೇಗುತ್ತೀಯ, ನಾಳಿದ್ದು ಕೈ ಎತ್ತುತ್ತೀಯ. ಕೆಟ್ಟವರೇ ಕೈ ಎತ್ತುತ್ತಾರೆ ಅಂದುಕೊಳ್ಳಬೇಡ. ನಿದ್ದೆ ಇಲ್ಲದವರೂ ಎತ್ತುತ್ತಾರೆ. ಯಾರಾದರೂ, ಎಷ್ಟೇ ದೊಡ್ಡವರಾಗಲಿ, "ಇದು ನಮ್ಮಿಬ್ಬರಲ್ಲೇ ಇರಲಿ" ಅಂತ ಯಾವ ವಿಷಯಕ್ಕೇ ಅಂದರೂ, ಅವತ್ತೇ ಇನ್ನೊಬ್ಬರಿಗೆ ಹೇಳು. ವಾನಿಯೇ ವಿಷಯದಲ್ಲಿ ಎಲ್ಲವೂ ನಡೆದದ್ದು ಅಂಥ ಗುಟ್ಟಿನಲ್ಲೇ.

ಇಲ್ಲಿ ಮಾವನಿಗೆ ಸ್ನಾನ, ಶೇವಿಂಗ್ ಮಾಡಿಸಲು ನಂಜನಗೂಡು ಕಡೆಯ ಹುಡುಗ ಬರುತ್ತಾನಲ್ಲ, ಅವನಿಗೆ ಪ್ರತಿ ಮಂಗಳವಾರ ರಜೆ ಕೊಟ್ಟಿದ್ದೇವೆ, ಸಂಬಳ ಹಿಡಿಯದೆ. ಪಕ್ಕದ ಮನೆಯವರು "ಅಭ್ಯಾಸ ಕೆಡಿಸ್ತಿದ್ದೀರಿ" ಅನ್ನುತ್ತಾರೆ. ಮಂಗಳವಾರ ಅಪ್ಪನೇ ಶೇವಿಂಗ್ ಮಾಡುತ್ತಾರೆ, ಮಾವನ ಗಲ್ಲದ ಮೇಲೆ ಒಂದೆರಡು ಗೀರು ಬೀಳುತ್ತವೆ. ಬುಧವಾರ ಹುಡುಗ ಬಂದು ನೋಡಿ ಅಪ್ಪನಿಗೇ ಬೈಯುತ್ತಾನೆ. ನನಗೆ ಅದು ಇಷ್ಟ. ಮಾವನ ಪರವಾಗಿ ನಮ್ಮನ್ನೂ ಬೈಯಬಲ್ಲ ಒಬ್ಬ ಇದ್ದಾನೆ.

ಕಾನೂನು ಕೂಡ ನನ್ನನ್ನು ಸುಮ್ನೆ ನಂಬಿಲ್ಲ ಗೊತ್ತಾ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಪ್ರಕಾರ ಹದಿನೆಂಟು ದಾಟಿದ ಇಂಥವರಿಗೆ ಪೋಷಕರನ್ನು ನೇಮಿಸಲು ಜಿಲ್ಲೆಗೊಂದು ಸಮಿತಿ ಇದೆ. ಡಿಸಿ ಅದರ ಮುಖ್ಯಸ್ಥರು. ನೋಂದಾಯಿತ ಸೇವಾ ಸಂಸ್ಥೆಯೊಂದರ ಕಡೆಯಿಂದ ಒಬ್ಬರು, ಅಂಗವೈಕಲ್ಯ ಇರುವ ಒಬ್ಬರು ಅದರಲ್ಲಿರಬೇಕು. ಅಜ್ಜಿ ಹೋದ ಮೇಲೆ ನಾನು ಅಲ್ಲಿಗೆ ಅರ್ಜಿ ಹಾಕಿ ಮಾವನ ಪೋಷಕಳಾದೆ. ಒಡಹುಟ್ಟಿದ ಅಕ್ಕನಾದರೂ ಆರು ತಿಂಗಳೊಳಗೆ ಅವನ ಆಸ್ತಿಯ ಪಟ್ಟಿ ಕೊಡಬೇಕು, ವರ್ಷವರ್ಷ ಲೆಕ್ಕ ಒಪ್ಪಿಸಬೇಕು. ಅತ್ತೆಯೊಬ್ಬರು "ಅಕ್ಕನ ಹತ್ತಿರ ಲೆಕ್ಕ ಕೇಳೋದು ಅವಮಾನ" ಅಂದರು. ಬ್ಯಾಂಕಿನಲ್ಲಿ ಮೂವತ್ತು ವರ್ಷ ಕೂತವಳಿಗೆ ಅದು ಅವಮಾನ ಅನ್ನಿಸಲಿಲ್ಲ. ಕ್ಯಾಶಿಯರ್ ಎಷ್ಟೇ ಒಳ್ಳೆಯವನಾದರೂ ಸಂಜೆ ನೋಟು ಎಣಿಸಲೇಬೇಕು. ಅದೇ ಟ್ರಸ್ಟಿನ ನಿರಾಮಯ ವಿಮೆಯನ್ನೂ ಮಾವನಿಗೆ ಮಾಡಿಸಿದ್ದೇನೆ. ವರ್ಷಕ್ಕೆ ಒಂದು ಲಕ್ಷ ರೂಪಾಯಿ ತನಕ ಆಸ್ಪತ್ರೆ ಖರ್ಚು ಕೊಡುತ್ತಾರೆ. ಜೀವಮಾನ ಪೂರ್ತಿ ಇರಲು ಗುಂಪು ಮನೆಗಳಿಗೆ ಘರೌಂದಾ ಎಂಬ ಯೋಜನೆಯೂ ಇದೆ. ಯೋಜನೆಗೆ ಕೊರತೆಯಿಲ್ಲ, ಮನೆಗಳಿಗೇ ಕೊರತೆ.

ಹಾಗಾಗಿ ನಾವು ನಾಲ್ಕು ಮನೆಯವರು ಸೇರಿ ಒಂದು ಬಾಡಿಗೆ ಮನೆ ಹುಡುಕುತ್ತಿದ್ದೇವೆ. ಎಲ್ಲರ ಮನೆಯಲ್ಲೂ ಮಾವನಂಥವರು ಒಬ್ಬೊಬ್ಬರು. ಮೊದಲು ವಾರಕ್ಕೆ ಎರಡು ರಾತ್ರಿ ಅಷ್ಟೇ, ಒಗ್ಗಿದ ಮೇಲೆ ಜಾಸ್ತಿ ಮಾಡುವುದು. ಸಂಬಳದ ಮೇಲೆ ಸರದಿಯಲ್ಲಿ ಮೂರು ಜನ. ಬಾಡಿಗೆ ಮನೆಯವರು "ಅಕ್ಕಪಕ್ಕದವರು ಏನಂತಾರೆ" ಅಂತ ಹಿಂದೆ ಸರಿಯುತ್ತಿದ್ದಾರೆ. ಒಬ್ಬರಂತೂ ಬ್ರಾಹ್ಮಣರಾ ಅಂತ ಕೇಳಿದರು, ಅದೊಂದು ಬಾಕಿ ಇತ್ತು. ಮಾವನಿಗೆ ಮನೆ ತೋರಿಸಿದರೆ ಅವನು ನೋಡುವುದು ಒಂದೇ, ಕಿಟಕಿಯಿಂದ ಬಸ್ಸು ಕಾಣುತ್ತದಾ ಅಂತ. ಎರಡು ಮನೆಗಳನ್ನು ಅವನೇ ಬೇಡ ಅಂದ. ಉಳಿದವರು ನಕ್ಕರು, ಆದರೆ ನಾವು ಆ ಮನೆಗಳನ್ನು ಬಿಟ್ಟೆವು.

ದುಡ್ಡಿನ ವಿಷಯದಲ್ಲಿ ನಿನ್ನಿಂದ ಒಂದು ಸಹಾಯ. ಒಂಟಾರಿಯೋದಲ್ಲಿ ಹೆನ್ಸನ್ ಟ್ರಸ್ಟ್ ಅಂತ ಇದೆಯಲ್ಲ. ಹೆನ್ಸನ್ ಎಂಬ ಅಪ್ಪ ಅಂಗವೈಕಲ್ಯ ಇದ್ದ ಮಗಳಿಗಾಗಿ ಟ್ರಸ್ಟ್ ಮಾಡಿಟ್ಟು ಹೋದರು. ಹಣ ಯಾವಾಗ, ಎಷ್ಟು ಕೊಡಬೇಕು ಅನ್ನುವುದು ಪೂರ್ತಿ ಟ್ರಸ್ಟಿಗಳ ಕೈಯಲ್ಲಿ. ಹಾಗಾಗಿ ಅದು ಅವಳ ಆಸ್ತಿ ಅಲ್ಲ, ಸರ್ಕಾರದ ಭತ್ಯೆ ನಿಲ್ಲಿಸುವ ಹಾಗಿಲ್ಲ ಅಂತ 1989ರಲ್ಲಿ ಅಪೀಲು ಕೋರ್ಟು ಹೇಳಿತು. ನಮ್ಮ ವಕೀಲರು ಇಲ್ಲಿಗೆ ಹೊಂದುವ ಹಾಗೆ ಒಂದು ಕರಡು ಮಾಡುತ್ತಿದ್ದಾರೆ. ನಿಮ್ಮ ಕೋರ್ ಮೆಂಬರುಗಳ ಮನೆಯವರಲ್ಲಿ ಯಾರಾದರೂ ಮಾಡಿಸಿದ್ದರೆ, ಟ್ರಸ್ಟಿಗಳು ಮುದುಕರಾದಾಗ ಬದಲಿ ಯಾರು ಅಂತ ಹೇಗೆ ಬರೆಸಿದ್ದಾರೆ ಕೇಳಿ ತಿಳಿಸು.

ಆ ಟ್ರಸ್ಟಿನಲ್ಲಿ ನಿನ್ನ ಹೆಸರನ್ನೂ ಹಾಕಿಸುತ್ತಿದ್ದೇನೆ. ಹೆದರಬೇಡ. ಮಾವನನ್ನು ನೋಡಿಕೊಳ್ಳಲು ನೀನು ವಾಪಸ್ ಬರಬೇಕು ಅಂತ ನಾನು ಯಾವತ್ತೂ ಕೇಳುವುದಿಲ್ಲ. ಅಜ್ಜಿಯ ಹಾಗೆ ಇನ್ನೊಬ್ಬಳು ಛತ್ರದ ಹಿಂದಿನ ರೂಮಿನಲ್ಲಿ ಕೂರುವುದು ನನಗೆ ಬೇಡ. ವರ್ಷಕ್ಕೊಮ್ಮೆ ಲೆಕ್ಕ ನೋಡು, ಹೇಳದೆ ಕೇಳದೆ ಒಂದು ದಿನ ಹೋಗಿ ಬಾಗಿಲು ತಟ್ಟು, ಕೆಲಸದವರಿಗೆ ಸಂಬಳ, ರಜೆ ಸರಿಯಾಗಿ ಸಿಗುತ್ತಿದೆಯಾ ಕೇಳು. ಅಷ್ಟೇ ನಿನ್ನ ಕೆಲಸ.

ಇನ್ನೊಂದು. ಮಾವನಿಗೆ ಈಗ ಐವತ್ತಾರು. ಈಚೆಗೆ ಬಚ್ಚಲು ಮನೆಗೆ ಹೋಗಿ ಯಾಕೆ ಬಂದೆ ಅಂತ ನಿಂತುಬಿಡುತ್ತಾನೆ. ಡೌನ್ ಸಿಂಡ್ರೋಮ್ ಇರುವವರಿಗೆ ಮರೆವಿನ ಕಾಯಿಲೆ ಬೇರೆಯವರಿಗಿಂತ ಬೇಗ ಬರುತ್ತದೆ ಅಂತ ಡಾಕ್ಟರು ಹೇಳಿದ್ದಾರೆ. ಆದರೆ ಮೊದಲು ಥೈರಾಯ್ಡ್, ಕಿವಿ, ಕಣ್ಣು ಪರೀಕ್ಷೆ ಮಾಡಿಸಿ, ಎಷ್ಟೋ ಸಲ ಅಲ್ಲೇ ಕಾರಣ ಸಿಗುತ್ತದೆ ಅಂದರು. ಥೈರಾಯ್ಡ್ ಕಡಿಮೆ ಇದ್ದದ್ದು ನಿಜ. ಮಾತ್ರೆ ಶುರುವಾಗಿದೆ, ಸ್ವಲ್ಪ ಚುರುಕಾಗಿದ್ದಾನೆ. ನಿಮ್ಮಲ್ಲೂ ಒಬ್ಬರು ಮಂಕಾಗಿದ್ದಾರೆ ಅಂದೆಯಲ್ಲ, ವಯಸ್ಸಾಯಿತು ಅಂತ ಬಿಡಬೇಡಿ, ರಕ್ತ ಪರೀಕ್ಷೆ ಮಾಡಿಸಲು ಹೇಳು.

ಹುಳಿಪುಡಿ, ಮೆಂತ್ಯದ ಹಿಟ್ಟು ಅಪ್ಪ ಪಾರ್ಸೆಲ್ ಮಾಡುತ್ತಾರೆ. ಮ್ಯಾಕರೋನಿಯವರಿಗೆ ಒಂದು ದಿನ ಬಿಸಿಬೇಳೆಬಾತ್ ಮಾಡಿ ಬಡಿಸು, ಖಾರ ಕಮ್ಮಿ ಹಾಕಿ. ಬೇಡ ಅಂದರೆ ಒತ್ತಾಯ ಮಾಡಬೇಡ.

ನಿನ್ನ ವಾರದ ರಜೆ ಯಾವ ದಿನ ಅಂತ ಇನ್ನೂ ಹೇಳಿಲ್ಲ ನೀನು. ಮೂರು ಸಲ ಕೇಳಿದೆ, ಮಾತು ಮರೆಸಿದೆ. ನಿಮ್ಮ ಮನೆಯ ಸರದಿ ಪಟ್ಟಿಯ ಫೋಟೋ ತೆಗೆದು ಈ ವಾರವೇ ಕಳಿಸು. ಅಪ್ಪನಿಗೆ ಹೊಸ ಕನ್ನಡಕ ಇದೆ, ಒಂದೊಂದು ಸಾಲೂ ಓದುತ್ತಾರೆ.

ಇತಿ ನಿನ್ನ
ಅಮ್ಮ